ಉಡಿಯಲ್ಲಿ ಬಂದ ಬ್ಯಾಕಪ್

ಇದರಲ್ಲಿ ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಆ ದಿನ ನಾನು ಉಟ್ಟದ್ದು ಹಸಿರು ಸೀರೆಯೋ ನೀಲಿಯೋ, ಆಡಿಟರ್ ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡದ್ದು ಅಕ್ಕಿಕಾಳು ಸಿಗುವ ಮೊದಲೋ ಸಿಕ್ಕ ನಂತರವೋ, ಆಣೆ ಮಾಡಿ ಹೇಳಲಾರೆ. ಹಿಂದಾದರೆ ಹೇಳಿಬಿಡುತ್ತಿದ್ದೆ. ಆ ಶುಕ್ರವಾರದ ತನಕ ನನ್ನ ನೆನಪಿನ ಬಗ್ಗೆ ನನಗೆ ವಿಪರೀತ ಅಭಿಮಾನವಿತ್ತು.

ಬೈಲಹೊಂಗಲದ ಒಂದು ಸಹಕಾರಿ ಸಂಘದಲ್ಲಿ ಕಂಪ್ಯೂಟರ್ ವಿಭಾಗ ನನ್ನದು. ವಿಭಾಗ ಎಂದರೆ ಒಂದು ಸರ್ವರ್, ಒಂದು ಕುರ್ಚಿ, ಮತ್ತು ಕುರ್ಚಿಯಲ್ಲಿ ನಾನು. ಪ್ರತಿ ಶನಿವಾರ ಸಂಘದ ಲೆಕ್ಕಪತ್ರವನ್ನೆಲ್ಲ ಟೇಪಿಗೆ ನಕಲು ಮಾಡುತ್ತೇನೆ. ಟೇಪು ನೋಡಲು ಹಳೆಯ ಹಾಡಿನ ಕ್ಯಾಸೆಟ್ಟಿನ ದಪ್ಪ ಅಣ್ಣನ ಹಾಗಿರುತ್ತದೆ. ಕಚೇರಿಗೆ ಬೆಂಕಿ ಬಿದ್ದರೂ ನಕಲು ಉಳಿಯಬೇಕು, ಆದ್ದರಿಂದ ಅದು ಬೇರೆ ಊರಿನಲ್ಲಿ ಸುರಕ್ಷಿತ ಸ್ಥಳದಲ್ಲಿರಬೇಕು ಎಂಬುದು ನಿಯಮ. ಬೇರೆ ಊರೆಂದರೆ ದೊಡವಾಡ. ಸುರಕ್ಷಿತ ಸ್ಥಳವೆಂದರೆ ನನ್ನ ತಾಯಿಯ ಅಕ್ಕ, ದೊಡ್ಡವ್ವನ ಮನೆಯ ದೇವರ ಜಗಲಿ. ಆಡಳಿತ ಮಂಡಳಿ ಇದಕ್ಕೆ ಸರ್ವಾನುಮತದಿಂದ ಒಪ್ಪಿತ್ತು. ಆ ಜಗಲಿ ಮುಟ್ಟುವ ಧೈರ್ಯ ಕಳ್ಳರಿಗಿರಲಿ, ದೊಡ್ಡವ್ವನ ಸೊಸೆಯರಿಗೂ ಇರಲಿಲ್ಲ!

ಹೀಗಿರುವಾಗ ಆಡಿಟರ್ ಬಂದರು. ರಾಮದುರ್ಗದ ಕಡೆಯವರು, ಮೆಲುದನಿಯ ಮನುಷ್ಯ.

“ಬ್ಯಾಕಪ್ ತಗೀತೀರೇನ್ರಿ?”

“ಒಂದ ವಾರನೂ ತಪ್ಪಿಲ್ರಿ ಸರ್.”

“ಅವು ಓದಾಕ ಬರತಾವೇನ್ರಿ?”

“ಯಾಕ ಬರೂದಿಲ್ರಿ? ನಾನ ಬರದೇನಲ್ಲ!”

“ಬರದದ್ದು ಕೇಳಲಿಲ್ರಿ ಮೇಡಮ್. ಎಂದಾರ ತಿರುಗಿ ಓದಿ ನೋಡೀರೇನು?”

ನಾನು ನಕ್ಕುಬಿಟ್ಟೆ. ವಿಶ್ವವಿದ್ಯಾಲಯದಲ್ಲಿ ಓದಿದವಳು, ಅಂದಿನಿಂದ ದಿನಚರಿ ಬರೆಯುತ್ತ ಬಂದವಳು. ಅದನ್ನಾದರೂ ಎಂದು ತಿರುಗಿ ಓದಿದ್ದೆ? ಬರೆದಿಟ್ಟ ಮೇಲೆ ಅದು ಇದ್ದೇ ಇರುತ್ತದಲ್ಲ!

“ನಾಳಿ ತಂದು ತೋರಸ್ರಿ,” ಎಂದರು ಸಾಹೇಬರು. “ಇಲ್ಲಂದ್ರ ನಿಮ್ಮ ಹೆಸರಿಗೆ ಷರಾ ಬರೀಬೇಕಾಕ್ಕೈತಿ.”

ವ್ಯವಸ್ಥಾಪಕರ ಹುದ್ದೆಗೆ ನನ್ನ ಹೆಸರು ಹೋಗಿದ್ದ ಸಮಯ. ಒಂದು ಷರಾ ಬಿದ್ದರೆ ಮುಗಿಯಿತು. ಆದರೂ ಹೆದರಿಕೆ ಆಗಲಿಲ್ಲ. ಅದೇ ನೋಡಿ, ಹೆದರಬೇಕಾದ ಹೊತ್ತು!

ಮರುದಿನ ಬೆಳಿಗ್ಗೆ ನಮ್ಮ ಯಜಮಾನರ ಬೈಕಿನಲ್ಲಿ ದೊಡವಾಡಕ್ಕೆ ಹೋದೆ. ದೊಡ್ಡವ್ವ ಚಹಾ ಕೊಟ್ಟಳು, ಚುರುಮುರಿ ಕೊಟ್ಟಳು. ಟೇಪು ಮಾತ್ರ ಕೊಡಲಿಲ್ಲ.

“ಇವತ್ತ ಶುಕ್ರವಾರ ಐತಿ. ಜಗಲಿ ಮ್ಯಾಲಿಂದು ಹೊರಗ ಕೊಡಂಗಿಲ್ಲ.”

“ಅದು ನಿನ್ನ ಸಾಮಾನಲ್ಲ ದೊಡ್ಡವ್ವಾ, ಸಂಘದ್ದು!”

“ನಮ್ಮ ಜಗಲಿ ಮ್ಯಾಲ ಕುಂತದ್ದು ನಮ್ಮ ಮನೀದ.”

ಯಜಮಾನರು ಗಡಿಯಾರ ನೋಡಿದರು. ನಾನು ಅಳುವುದೊಂದು ಬಾಕಿ. ಕಡೆಗೆ ದೊಡ್ಡವ್ವನೇ ದಾರಿ ಕಂಡುಹಿಡಿದಳು.

“ಕೊಡಂಗಿಲ್ಲ ಅಂದ್ನಿ, ಉಡಿ ತುಂಬಬಾರದು ಅಂದ್ನೇನು? ಮುತ್ತೈದಿ ಉಡಿ ತುಂಬಿದ್ರ ಮನೀ ಲಕ್ಷ್ಮಿ ಹೊರಗ ಹೋಗತಾಳೇನು? ಸೆರಗ ಒಡ್ಡು.”

ಒಡ್ಡಿದೆ. ಅಕ್ಕಿ ಬಿತ್ತು, ಕೊಬ್ಬರಿ ಬಟ್ಟಲು ಬಿತ್ತು, ಉತ್ತತ್ತಿ, ಅರಿಷಿಣ, ಎಲೆ ಅಡಿಕೆ, ಖಣ. ಅವುಗಳ ನಡುವೆ ಟೇಪುಗಳು, ಸಂಘದ ಸಮಸ್ತ ಲೆಕ್ಕಪತ್ರ.

“ಮದ್ವಿಗೆ ಬರದಾಕಿ ಈಗ ಉಡಿ ತುಂಬತಾಳ, ನೋಡ್ರಿ!” ಎಂದೆ ಗಂಡನಿಗೆ.

ಇದು ನಮ್ಮ ಮನೆಯ ಹಳೆಯ ಚೇಷ್ಟೆ. ವರನನ್ನು ನೋಡಲು ತನ್ನನ್ನು ಕರೆಯಲಿಲ್ಲವೆಂದು ಸಿಟ್ಟಾಗಿ ದೊಡ್ಡವ್ವ ನನ್ನ ಮದುವೆಗೆ ಬಂದಿರಲಿಲ್ಲ. ನೆಂಟರು ಸೇರಿದಲ್ಲೆಲ್ಲ ನಾನು ಇದನ್ನು ಹೇಳಿ ಎಲ್ಲರನ್ನೂ ನಗಿಸುತ್ತೇನೆ. ಅವಳೂ ನಗುತ್ತಾಳೆ.

“ಹೌದ ಬಿಡವಾ,” ಎಂದಳು ಈಗಲೂ. “ಅದಕ್ಕ ಒಂದ ಬೊಗಸಿ ಹೆಚ್ಚಿಗಿ ಹಾಕೇನಿ. ದಾರ್ಯಾಗ ಉಡಿ ಬಿಚ್ಚಬ್ಯಾಡ ಮತ್ತ.”

ಬಿಚ್ಚಲಿಲ್ಲ. ಬೈಕಿನ ಹಿಂದೆ ಒಂದು ಕೈಯಲ್ಲಿ ಉಡಿ, ಇನ್ನೊಂದರಲ್ಲಿ ಜೀವ ಹಿಡಿದು ಕುಳಿತೆ.

“ಕೂಸಿನಂಗ ಹಿಡಕೋ,” ಎಂದರು ಯಜಮಾನರು. “ಸಂಘದ ಭವಿಷ್ಯ ಐತಿ ಅದರಾಗ.”

ಉಡಿ ಬಿಚ್ಚಿದ್ದು ನೇರ ಆಡಿಟರ್ ಸಾಹೇಬರ ಮೇಜಿನ ಮೇಲೆ. ಅವರು ಅಕ್ಕಿಯನ್ನು ನೋಡಿದರು, ಕೊಬ್ಬರಿಯನ್ನು ನೋಡಿದರು, ನನ್ನನ್ನು ನೋಡಿದರು.

“ನಮ್ಮ ಮನ್ಯಾಗೂ ಉಡಿ ತುಂಬತಾರ್ರಿ,” ಎಂದರು ಮೆಲ್ಲಗೆ. “ಆದ್ರ ನಮ್ಮ ನಮೂನೆಯೊಳಗ ಅದಕ್ಕ ಕಾಲಮ್ ಇಲ್ಲ.”

ಮೊದಲ ಟೇಪು ಹಾಕಿದೆ. ಯಂತ್ರ ನರಳಿತು, ಕೆಮ್ಮಿತು, ಟೇಪನ್ನು ಹೊರಗೆ ಉಗುಳಿತು. ಹಿಂದೆಯೇ ಒಂದು ಅಕ್ಕಿಕಾಳು! ನಮ್ಮ ಯಂತ್ರ ಅಂದು ಮೊಟ್ಟಮೊದಲು ಓದಿದ್ದು ಸೋನಾಮಸೂರಿಯನ್ನು.

ಎರಡನೆಯ ಟೇಪನ್ನು ಸೆರಗಿನಿಂದ ಒರೆಸಿ ಹಾಕಿದೆ. ಗಿರ್ರನೆ ತಿರುಗಿತು. ಹಸಿರು ದೀಪ! ತೆರೆಯ ಮೇಲೆ ಕಡತಗಳು ಒಂದೊಂದಾಗಿ ಇಳಿದವು.

“ನೋಡ್ರಿ ಸರ್! ಓದಾಕ ಬರತೈತೋ ಇಲ್ಲೋ?”

“ಬರತೈತಿ. ಒಂದು ಕಡತ ತಗೀರಿ.”

ತೆಗೆದೆ. ತೆರೆಯ ತುಂಬ ಬಾಸಿಂಗ ಕಟ್ಟಿಕೊಂಡು ನಾನು ಕುಳಿತಿದ್ದೆ.

ಎರಡನೆಯ ಕಡತ ತೆಗೆದೆ. ನಾನು ಮತ್ತು ಯಜಮಾನರು. ಮೂರನೆಯದು ಊಟದ ಪಂಕ್ತಿ.

ಆದದ್ದಿಷ್ಟು. ಹೊಸ ಸರ್ವರ್ ಬಂದಾಗ ಲೆಕ್ಕಪತ್ರ ಬೇರೆ ಜಾಗಕ್ಕೆ ಹೋಗಿತ್ತು. ಖಾಲಿಯಾದ ಹಳೆಯ ಫೋಲ್ಡರಿನಲ್ಲಿ ನಾನು, ಕಚೇರಿಯ ಸ್ಕ್ಯಾನರ್ ಸುಮ್ಮನಿದ್ದ ಒಂದು ಮಧ್ಯಾಹ್ನ, ನನ್ನ ಮದುವೆಯ ಆಲ್ಬಮ್ ಇಟ್ಟಿದ್ದೆ. ನಕಲು ಮಾಡುವ ಯಂತ್ರಕ್ಕೆ ಜಾಗ ಬದಲಾದದ್ದನ್ನು ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನೇ. ಶನಿವಾರ ಶನಿವಾರ, ಅಷ್ಟು ನಿಷ್ಠೆಯಿಂದ, ನಾನು ದೊಡವಾಡಕ್ಕೆ ಹೊತ್ತದ್ದು ನನ್ನದೇ ಮದುವೆಯನ್ನು!

“ವರ ಇವರೇನ್ರಿ?” ಎಂದು ಸಾಹೇಬರು ಬಾಗಿಲಲ್ಲಿ ನಿಂತಿದ್ದ ಯಜಮಾನರತ್ತ ತಿರುಗಿದರು.

“ಹೌದ್ರಿ. ಆಗ ಕೂದಲಾ ಇದ್ದೂ.”

ನಾನು ತೆರೆ ಮುಚ್ಚಲು ಹೋಗಿ ಗಾಬರಿಯಲ್ಲಿ ಮುಂದಿನ ಫೋಟೋ ತೆರೆದೆ. ಅಕ್ಷತೆ ಬೀಳುತ್ತಿರುವ ಹೊತ್ತು. ಎಲ್ಲರ ಕೈಗಳೂ ಮೇಲೆ. ಹಂದರದ ಕಂಬದ ಬದಿಯಲ್ಲಿ ಒಬ್ಬಳ ಕೈ ಮಾತ್ರ ಕೆಳಗಿತ್ತು, ಏಕೆಂದರೆ ಅವಳು ಎರಡೂ ಕೈಯಲ್ಲಿ ಉಡಿಯ ತಟ್ಟೆ ಹಿಡಿದಿದ್ದಳು.

ದೊಡ್ಡವ್ವ.

ಸ್ಕ್ಯಾನ್ ಮಾಡುವಾಗ ಈ ಫೋಟೋ ನನ್ನ ಕೈಯಲ್ಲೇ ಹಾದುಹೋಗಿರಬೇಕು. ಆಮೇಲೆ ಅದು ಅವಳ ಜಗಲಿಯ ಮೇಲೆಯೇ, ಅವಳ ದೀಪದ ಬುಡದಲ್ಲೇ ಇತ್ತು. ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಕಾಳು ಉದುರಿದ ಮೇಲೆ ಮೊದಲ ಟೇಪೂ ಓದಿತು, ಅದರಲ್ಲೂ ಅದೇ ಮದುವೆ. ಸಾಹೇಬರು ಷರಾ ಬರೆದರು: “ಟೇಪುಗಳು ಓದಲು ಯೋಗ್ಯವಾಗಿವೆ. ಅವುಗಳಲ್ಲಿ ಸಂಘಕ್ಕೆ ಸಂಬಂಧಿಸಿದ ಯಾವುದೇ ವಿಷಯ ಕಂಡುಬಂದಿಲ್ಲ.” ಸರ್ವರಿನಲ್ಲಿ ಲೆಕ್ಕವೆಲ್ಲ ಸುರಕ್ಷಿತವಾಗಿದ್ದುದರಿಂದ ಸಂಘ ಉಳಿಯಿತು. ನನಗೆ ಬರಬೇಕಿದ್ದ ಹುದ್ದೆ ಉಳಿಯಲಿಲ್ಲ. ಸಾಹೇಬರು ಹೋಗುವಾಗ ಉತ್ತತ್ತಿ ಮಾತ್ರ ಬೇಡವೆನ್ನಲಿಲ್ಲ.

ಮುಂದಿನ ಶನಿವಾರ ಹೊಸ ಟೇಪನ್ನು ಬರೆದು, ತಿರುಗಿ ಓದಿ, ದೊಡವಾಡಕ್ಕೆ ಒಯ್ದೆ. ಮೊಬೈಲಿನಲ್ಲಿ ಆ ಫೋಟೋ ತೋರಿಸಿದೆ. ದೊಡ್ಡವ್ವ ಅದನ್ನು ದೂರ ಹಿಡಿದು ನೋಡಿದಳು, ಹತ್ತಿರ ಹಿಡಿದು ನೋಡಿದಳು.

“ಆ ಸೀರಿ ಇನ್ನೂ ಐತಿ ನೋಡು,” ಎಂದಳು. ಟೇಪನ್ನು ಜಗಲಿಯ ಮೇಲಿಟ್ಟು ಅಕ್ಕಿ ತರಲು ಒಳಗೆ ಹೋದಳು.

ನಾನು ಸೆರಗು ಒಡ್ಡಿಕೊಂಡು ನಿಂತೇ ಕೇಳಿದೆ. ಅವಳು ಬೊಗಸೆ ತುಂಬಿ ಹಾಕಿದಳು, ಅರಿಷಿಣ ಹಚ್ಚಿದಳು, ಬಸ್ಸಿನ ಹೊತ್ತಾಯಿತು ಎಂದಳು. ಅದಾದ ಮೇಲೆ ಫೋನಿನಲ್ಲೂ ಕೇಳಿದ್ದೇನೆ. ಪ್ರಶ್ನೆ ಇನ್ನೂ ಅಲ್ಲೇ ಇದೆ:

“ನೀ ಬಂದಿದ್ದಿಯಲ್ಲ ದೊಡ್ಡವ್ವಾ, ತಟ್ಟಿ ಹಿಡಕೊಂಡ ನಿಂತಿದ್ದಿ. ಮತ್ತ ಇಷ್ಟ ವರ್ಷ ನೀ ಬಂದಿಲ್ಲ ಬಂದಿಲ್ಲ ಅಂತ ನಾ ಅಂದಾಗೆಲ್ಲಾ, ಯಾಕ ಹೌದ ಬಿಡವಾ ಅಂದಿ?”