ಮಾವ ಮಲಗಿ ನಡೆಸಿದ ಶಾಲೆ

ನನ್ನ ಸೋದರಮಾವನಷ್ಟು ಮಲಗಿಕೊಂಡು ದುಡಿದ ಮನುಷ್ಯನನ್ನು ನಾನು ಈವರೆಗೆ ಕಂಡಿಲ್ಲ. ಇದು ಅಳಿಯನ ಕುಹಕವಲ್ಲ, ಸಾಕ್ಷಿಯ ಮಾತು. ಅವರು ಮಲಗಿದಾಗಲೆಲ್ಲ ಪಕ್ಕದಲ್ಲಿ ನಾನು ಎಚ್ಚರವಾಗಿದ್ದೆ. ಎಷ್ಟು ಹೊತ್ತು ಮಲಗಿದರು, ಯಾವ ಮಗ್ಗುಲಿಗೆ ಮಲಗಿದರು, ಎದ್ದಾಗ ಮೊದಲು ಏನು ಕೇಳಿದರು, ಎಲ್ಲವನ್ನೂ ಹೇಳಬಲ್ಲೆ. ಮೊದಲು ಕೇಳುತ್ತಿದ್ದುದು ಯಾವಾಗಲೂ ನೀರು.

ಮಾವ ಸರಕಾರಿ ಬಸ್ಸಿನ ಚಾಲಕರಾಗಿದ್ದವರು. ಸೇವೆಯ ಬಹುಪಾಲು ರಾತ್ರಿ ಬಸ್ಸಿನಲ್ಲೇ ಕಳೆಯಿತು. ಸಂಜೆ ಇಂಡಿಯಲ್ಲಿ ಸ್ಟಿಯರಿಂಗ್ ಹಿಡಿದರೆ ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳ ದಾಟಿ, ಬೆಳಕು ಹರಿಯುವಾಗ ಎಲ್ಲೋ ದೂರದ ಊರಿನಲ್ಲಿ ಬಿಡುತ್ತಿದ್ದರು. ನಿವೃತ್ತಿಯಾದ ದಿನ ಖಾಕಿ ಅಂಗಿಯನ್ನು ಮೊಳೆಗೆ ಸಿಕ್ಕಿಸಿ ಮಲಗಿದರು. ಆಮೇಲೆ ಅವರು ಮಲಗದ ಜಾಗವಿಲ್ಲ. ಮದುವೆಯಲ್ಲಿ ಅಕ್ಷತೆ ಹಿಡಿದ ಮುಷ್ಟಿಯೊಂದಿಗೆ ಮಲಗಿದರು. ಒಮ್ಮೆ ಕ್ಷೌರದ ಕುರ್ಚಿಯಲ್ಲಿ ಎಡಕ್ಕೆ ವಾಲಿ ಮಲಗಿಬಿಟ್ಟರು. ಎಬ್ಬಿಸಲು ಧೈರ್ಯ ಸಾಲದ ಅಂಗಡಿಯವನು ಬಲಗೆನ್ನೆಯನ್ನಷ್ಟೇ ಬೋಳಿಸಿ, ಎಡದ್ದನ್ನು ನಾಳೆಗೆ ಇಟ್ಟುಕೊಂಡ.

"ಮಾಮಾ, ಇದು ಖರೇ ನಿದ್ದಿನೋ, ಇಲ್ಲಾ ನಾಟಕನೋ?" ಎಂದು ನಾನೊಮ್ಮೆ ಕೇಳಿದ್ದೆ.

"ನೌಕರಿ ಪೂರ್ತಿ ಕಣ್ಣು ತಕ್ಕೊಂಡು ರಾತ್ರಿ ಕಳದೇನಿ, ಅಳಿಯಾ. ಈಗ ಹಗಲಿನ ಕಡೆಯಿಂದ ವಸೂಲಿ ಮಾಡಾಕತ್ತೇನಿ."

ಇಂಥವರು ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರಾದುದು ಹೇಗೆ? ಮಲಗಿಯೇ.

ನಮ್ಮೂರು ಇಂಡಿ ಮತ್ತು ಸಿಂದಗಿಯ ನಡುವೆ ಇದೆ. ಅಲ್ಲಿಯ ಶಾಲೆ ಊರವರೇ ಕಲ್ಲು ಹೊತ್ತು ಕಟ್ಟಿದ್ದು. ಸರಕಾರದ ಅನುದಾನವಿಲ್ಲ. ಮೂರು ಕೋಣೆ, ಮೂವರು ಶಿಕ್ಷಕರು. ಒಬ್ಬರು ಹೆಡ್ ಮಾಸ್ತರರು, ಒಬ್ಬರು ಬಾಯಾರು, ಅಂದರೆ ಶಿಕ್ಷಕಿ, ಮೂರನೆಯವನು ನಾನು. ಕೊರೊನಾ ಬಂದು ಶಾಲೆಗೆ ಬೀಗ ಬಿತ್ತು. ಫೀ ನಿಂತಿತು, ಅದರ ಹಿಂದೆಯೇ ಪಗಾರ ನಿಂತಿತು. ನಾನು ಝಳಕಿಯಲ್ಲಿ ಹೆದ್ದಾರಿಯ ಪಕ್ಕದ ಗೆಳೆಯನ ಭಜಿ ಅಂಗಡಿಗೆ ಸೇರಿ ಉಳ್ಳಾಗಡ್ಡಿ ಹೆಚ್ಚುತ್ತಿದ್ದೆ. ವ್ಯಾಕರಣ ಕಲಿಸುವಾಗ ಮಕ್ಕಳ ಕಣ್ಣಲ್ಲಿ ಬರುತ್ತಿದ್ದ ನೀರು ಈಗ ನನ್ನ ಕಣ್ಣಲ್ಲಿ ಬರುತ್ತಿತ್ತು.

ಶಾಲೆ ತೆರೆಯಬಹುದೆಂದು ಆದೇಶ ಬಂದಾಗ ಊರಿನ ಸಭೆ ಸೇರಿತು. ಮಕ್ಕಳಿದ್ದರು. ಆದರೆ ಅರ್ಧದಷ್ಟು ಮನೆಗಳಿಗೆ ಫೀ ಕಟ್ಟುವ ಶಕ್ತಿ ಇರಲಿಲ್ಲ. ಮೂವರು ಶಿಕ್ಷಕರಿಗೆ ಮಾರ್ಚಿನ ಪರೀಕ್ಷೆಯವರೆಗೆ ಪಗಾರ ಹೊಂದಿಸದಿದ್ದರೆ ಶಾಲೆ ಮುಚ್ಚುವುದು, ಮಕ್ಕಳು ಪಕ್ಕದೂರಿಗೆ ನಡೆದು ಹೋಗುವುದು ಎಂದು ತೀರ್ಮಾನವಾಯಿತು. ಅಷ್ಟು ಕೇಳಿದ್ದೇ ಆಗಿನ ಅಧ್ಯಕ್ಷರು ರಾಜೀನಾಮೆ ಕೊಟ್ಟು ಮನೆಗೆ ಹೋದರು. ಹೊಸ ಅಧ್ಯಕ್ಷರು ಯಾರು ಎಂದು ಒಬ್ಬೊಬ್ಬರನ್ನೇ ಕೇಳಿದರು. ಒಬ್ಬರಿಗೆ ಬಿಪಿ, ಒಬ್ಬರಿಗೆ ಮಗಳ ಮದುವೆ, ಒಬ್ಬರಿಗೆ ಮೊಣಕಾಲು. ಕಂಬಕ್ಕೆ ಒರಗಿ ಕೂತಿದ್ದ ಮಾವ ಮಾತ್ರ ಬೇಡ ಎನ್ನಲಿಲ್ಲ. ಸರ್ವಾನುಮತದಿಂದ ಆಯ್ಕೆಯಾದರು. ಚಪ್ಪಾಳೆಗೆ ಎಚ್ಚರವಾಯಿತು.

"ಏನಾತು?"

"ನೀವು ಅಧ್ಯಕ್ಷರಾದ್ರಿ."

"ಎಷ್ಟೊತ್ತಾತು ಆಗಿ?"

ಮಾವನಿಗೆ ಒಂದು ದೋಷವಿತ್ತು. ಯಾರ ಹತ್ತಿರವೂ ಏನನ್ನೂ ಕೇಳಲಾರರು. ಊಟಕ್ಕೆ ಕೂತಾಗ ಇನ್ನೊಂದು ರೊಟ್ಟಿ ಬೇಕಾದರೂ ಅದನ್ನೇ ನೋಡುತ್ತ ಕೂರುವರು. ಇಂಥವರು ಹಣ ಹೇಗೆ ಕೇಳಿಯಾರು? ಎರಡು ದಿನ ಯೋಚಿಸಿ, ಅಂದರೆ ಮಲಗಿ, ಒಂದು ಉಪಾಯ ತಂದರು. ನಮ್ಮ ಕಡೆ ಶ್ರಾವಣದಲ್ಲಿ ತಿಂಗಳಿಡೀ ಪುರಾಣ ನಡೆಯುತ್ತದೆ. ಒಂದೊಂದು ದಿನದ ಪ್ರಸಾದವನ್ನು ಒಂದೊಂದು ಮನೆಯವರು ವಹಿಸಿಕೊಳ್ಳುತ್ತಾರೆ. ಅದಕ್ಕೆ ದಿನ ಹಿಡಿಯುವುದು ಎನ್ನುತ್ತಾರೆ.

"ಪುರಾಣಕ್ಕ ದಿನ ಹಿಡಿತಾರಲ್ಲ, ಹಂಗ ಸಾಲಿಗೂ ಹಿಡೀಲಿ," ಎಂದರು ಮಾವ. "ನಾವು ರೊಕ್ಕಾ ಕೇಳೂದು ಬ್ಯಾಡ. ನಾವು ದಿನ ಕೊಡ್ತೇವಿ."

ಮಾವ ಬಸ್ಸು ಓಡಿಸಿದ ದಾರಿಯ ಊರುಗಳಲ್ಲೆಲ್ಲ ಅವರಿಗೆ ಪರಿಚಯದ ಮನೆಗಳಿದ್ದವು. ನನ್ನ ಮೋಟಾರ್‌ಸೈಕಲ್ಲಿನಲ್ಲಿ ಹೊರಟೆವು. ಹಿಂದೆ ಕೂತ ಮಾವ ಟವೆಲ್ಲಿನಿಂದ ತಮ್ಮನ್ನು ನನ್ನ ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದರು, ಮಲಗಿದರೆ ಬೀಳದಿರಲೆಂದು. ನನ್ನ ಬಲಭುಜದ ಮೇಲೆ ಅವರ ಗದ್ದ, ಕಿವಿಯಲ್ಲಿ ಅವರ ಗೊರಕೆ. ಎರಡೂ ಬದಿಯಲ್ಲಿ ಎಳೆಯ ಜೋಳ ಗಾಳಿಗೆ ಬಾಗಿ ಏಳುತ್ತಿತ್ತು. ಅಂಥ ರಸ್ತೆಯಲ್ಲಿ ಯಾರದು ನಿದ್ದೆ, ಯಾರದು ಎಚ್ಚರ ಎಂದು ಕೆಲವೊಮ್ಮೆ ನನಗೂ ತಿಳಿಯುತ್ತಿರಲಿಲ್ಲ.

ಮೊದಲು ಹೋದದ್ದು ಆಲಮೇಲಕ್ಕೆ, ಕಬ್ಬು ಬೆಳೆಯುವ ಒಬ್ಬರ ಮನೆಗೆ. ಅವರು ಹೊರಸು ಹಾಕಿ, ಚಹಾ ಕೊಟ್ಟು, "ಏನು ಬಂದದ್ರಿ?" ಎಂದರು. ಮಾವ ಬಾಯಿ ತೆರೆದರು. ಮುಚ್ಚಿದರು. ಆಮೇಲೆ ಕಣ್ಣನ್ನೂ ಮುಚ್ಚಿದರು. ಅತಿಥಿಯನ್ನು ಎಬ್ಬಿಸುವುದು ಹೇಗೆ? ಮನೆಯವರು ಕಾಯುತ್ತ ಕೂತರು. ಅರ್ಧ ಗಂಟೆಯ ಮೇಲೆ ಮಾವ ಎದ್ದು ನೀರು ಕುಡಿದರು.

"ಕನಸ ಬಿದ್ದಿತ್ತರಿ," ಎಂದರು. "ನಿಮ್ಮ ಆಯಿ ಬಿಳೀ ಸೀರಿ ಉಟ್ಟು ಕಬ್ಬಿನ ಹೊಲದಾಗಿಂದ ಬಂದ್ರು. ಸ್ವರ್ಗದಾಗ ಎಲ್ಲಾ ಛಲೋ ಐತಿ, ಆ ಸಾಲಿ ಮುಚ್ಚತೈತೇನೋ ಅಂತ ಒಂದ ಚಿಂತಿ ಅಂದ್ರು."

ಮನೆಯವರು ಪರಸ್ಪರ ಮುಖ ನೋಡಿಕೊಂಡರು. ಒಳಗಿನ ಕೋಣೆಯಿಂದ ಕೋಲು ಊರುವ ಸದ್ದು ಬಂತು. ಹಸಿರು ಸೀರೆಯ ಮುದುಕಿಯೊಬ್ಬಳು ಹೊಸ್ತಿಲಿಗೆ ಬಂದು ನಿಂತಳು.

"ಯಾಂವ ಅಂವಾ, ನನ್ನ ಸ್ವರ್ಗಕ್ಕ ಕಳಿಸಿದಾಂವ?"

ಮಾವ ಎದ್ದು ನಿಂತರು. ಅವರು ಪೂರ್ತಿ ಎಚ್ಚರವಾಗಿದ್ದುದನ್ನು ನಾನು ಅಂದು ಮೊದಲ ಸಲ ಕಂಡೆ.

"ನಾ ಸತ್ತ ಮ್ಯಾಲೂ ನಿಮ್ಮ ಸಾಲಿ ಚಿಂತಿ ಮಾಡಬೇಕೇನೋ ತಮ್ಮಾ? ಈಗ ಇದ್ದಾಗ ಕೇಳಾಕ ಬಾಯಿಲ್ಲೇನು?" ಎಂದಳು ಮುದುಕಿ. ಆಮೇಲೆ ಮೊಮ್ಮಗನ ಕಡೆ ತಿರುಗಿ, "ಒಂದು ದಿನ ಹಿಡಿಯೋ. ಇಂವಾ ಮತ್ತ ಬಂದು ಮಲಗಿದ್ರ ನನ್ನ ತಿಥಿನೂ ಮಾಡ್ಯಾನು," ಎಂದಳು.

ಹೀಗೆ ನಮಗೆ ಮೊದಲ ದಿನ ಸಿಕ್ಕಿತು. ಮೂವರು ಶಿಕ್ಷಕರ ಒಂದು ದಿನದ ಪಗಾರ, ಒಂದು ಡಬ್ಬಿ ಸೀಮೆಸುಣ್ಣ.

ಕೊಲ್ಹಾರದಲ್ಲಿ ಮಾವನ ನಿದ್ದೆ ಇನ್ನೂ ಆಳವಾಗಿತ್ತು. ಆ ಮನೆಯ ಅಂಗಳದಿಂದ ಕೃಷ್ಣೆಯ ಹಿನ್ನೀರು ಕಾಣುತ್ತಿತ್ತು. ಹಳೆಯ ಊರು ಅದರಡಿ ಇದೆ. ಮಧ್ಯಾಹ್ನದ ನೀರು ಅಲ್ಲಾಡದೆ ಬಿದ್ದಿತ್ತು. ಆಕಾಶ ಎಲ್ಲಿ ಮುಗಿದು ನೀರು ಎಲ್ಲಿ ಶುರುವಾಯಿತೆಂದು ಹೇಳುವಂತಿರಲಿಲ್ಲ. ಮನೆಯ ಯಜಮಾನರು ಮೀನುಬಲೆ ಸರಿಮಾಡುತ್ತ ಕಾದರು.

ಎದ್ದ ಮಾವ ಮೆಲ್ಲಗೆ ಹೇಳಿದರು: "ನೀರಿನ ಕೆಳಗ ಹುಡುಗ್ರು ಮಗ್ಗಿ ಹೇಳಾಕತ್ತಿದ್ರು ನೋಡ್ರಿ. ಅವರ ಬಾಯಾಗಿಂದ ಗುಳ್ಳಿ ಮ್ಯಾಲೆ ಬರ್ತಿದ್ದುವು."

ಯಜಮಾನರು ಬಲೆ ಕೆಳಗಿಟ್ಟರು. "ಸಾಲಿ ಬಾಗಿಲಾ ಯಾವ ಕಡೆ ಇತ್ತು?"

"ಪೂರ್ವಕ್ಕ."

"ತಪ್ಪು. ನಮ್ಮ ಸಾಲಿ ಬಾಗಿಲಾ ಉತ್ತರಕ್ಕಿತ್ತು. ಇನ್ನೊಮ್ಮೆ ಮಲಗಿ ಸರಿಯಾಗಿ ನೋಡ್ರಿ," ಎಂದರು.

ಅವರು ತಮಾಷೆ ಮಾಡುತ್ತಿರಲಿಲ್ಲ. ಮಾವ ವಿಧೇಯ ವಿದ್ಯಾರ್ಥಿಯಂತೆ ಮತ್ತೆ ಕಣ್ಣು ಮುಚ್ಚಿದರು. ತೆರೆದಾಗ, "ಹೌದ್ರಿ, ಉತ್ತರಕ್ಕ ಐತಿ. ಬಾಗಲದಾಗ ಒಂದು ಬೇವಿನ ಗಿಡ," ಎಂದರು. ಗಿಡ ಇತ್ತೋ ಇಲ್ಲವೋ ನಾನು ಕೇಳಲಿಲ್ಲ. ಆ ಮನುಷ್ಯ ಬಹಳ ಹೊತ್ತು ನೀರನ್ನೇ ನೋಡಿ, ಎರಡು ದಿನ ಹಿಡಿದರು.

ದಿನಗಳೇನೋ ಸಿಗತೊಡಗಿದವು. ಆದರೆ ಯಾರಿಗೆ ಯಾವ ದಿನ ಕೊಟ್ಟರೆಂದು ಮಾವ ಬರೆದಿಡುತ್ತಿರಲಿಲ್ಲ. ಬಸ್ ನಿಲ್ದಾಣಗಳಂತೆ ಎಲ್ಲ ತಲೆಯಲ್ಲಿದೆ ಎನ್ನುತ್ತಿದ್ದರು. ಬಸವನ ಬಾಗೇವಾಡಿಯ ಕಿರಾಣಿ ವ್ಯಾಪಾರಿಯೊಬ್ಬರು ತಮ್ಮ ತಂದೆ ತೀರಿದ ದಿನವೇ ಬೇಕೆಂದರು. ಮಾವ ಕೊಟ್ಟರು. ಅದು ದೀಪಾವಳಿಯ ಪಾಡ್ಯ.

"ಪಾಡ್ಯಕ್ಕ ಸಾಲಿ ಯಾಂವ ತೆಗೀತಾನ್ರಿ?" ಎಂದು ಹೆಡ್ ಮಾಸ್ತರರು ಕೂಗಾಡಿದರು.

"ದಿನ ಅವರದು. ನಾವು ಹೆಂಗ ಬ್ಯಾಡನ್ನೂದು?"

ಪಾಡ್ಯದಂದು ಶಾಲೆ ತೆರೆಯಿತು. ಮಕ್ಕಳು ಹೊಸ ಬಟ್ಟೆ ತೊಟ್ಟು ಬಂದರು. ಆ ವ್ಯಾಪಾರಿ ಕೊಪ್ಪರಿಗೆಯಲ್ಲಿ ಹುಗ್ಗಿ ಹೊತ್ತು ತಂದು, ಕೊನೆಯ ಬೆಂಚಿನಲ್ಲಿ ಕೂತು ಭಾಗಾಕಾರದ ಪಾಠವನ್ನು ಪುರಾಣದಂತೆ ಕೈಮುಗಿದು ಕೇಳಿದರು. ಶೇಷ ಸೊನ್ನೆ ಬಂದಾಗ ತಲೆಬಾಗಿದರು.

ಕಾರ್ತೀಕದ ಒಂದು ಸೋಮವಾರವನ್ನು ಮಾವ ಮೂರು ಮನೆಗಳಿಗೆ ಕೊಟ್ಟಿದ್ದರು. ಮೂರೂ ಮನೆಯವರು ಬರುತ್ತಾರೆಂದು ಹಿಂದಿನ ದಿನ ತಿಳಿಯಿತು. ಒಬ್ಬರಿಗೊಬ್ಬರು ಎದುರಾಗದಂತೆ ಬೆಳಿಗ್ಗೆ ಒಂದು ಶಾಲೆ, ಮಧ್ಯಾಹ್ನ ಒಂದು, ಸಂಜೆ ಒಂದು ನಡೆಸಿದೆವು. ಅಂದು ನಮ್ಮಲ್ಲಿ ಮೂರು ಸಲ ಪ್ರಾರ್ಥನೆಯಾಯಿತು. ಮೂರನೆಯ ಪ್ರಾರ್ಥನೆಗೆ ಹೆಡ್ ಮಾಸ್ತರರು ನಿಂತೇ ತೂಕಡಿಸಿದರು. ಮಾವ ಅವರನ್ನು ಮೊದಲ ಸಲ ಮೆಚ್ಚುಗೆಯಿಂದ ನೋಡಿದರು.

ಸಂಕ್ರಾಂತಿ ಕಳೆಯಿತು. ಪರೀಕ್ಷೆಯವರೆಗೆ ಇನ್ನೂ ಹಲವು ದಿನ ಖಾಲಿ ಇದ್ದವು. ಝಳಕಿಯ ಗೆಳೆಯ ಫೋನು ಮಾಡಿ, "ಮಾಸ್ತರ, ಕಡಾಯಿ ನಿನ್ನ ದಾರಿ ಕಾಯಾಕತ್ತೈತಿ," ಎಂದ. ನಗುತ್ತಲೇ ಹೇಳಿದ. ನಾನು ನಗಲಿಲ್ಲ.

ಮುದ್ದೇಬಿಹಾಳವೊಂದನ್ನು ಮಾವ ಉಳಿಸಿಕೊಂಡಿದ್ದರು. ಅಲ್ಲಿ ಅವರ ಬಸ್ಸಿನ ಕಂಡಕ್ಟರ್ ಇದ್ದರು, ಸೇವೆಯುದ್ದಕ್ಕೂ ಜೊತೆಗಿದ್ದವರು. ಫೋನು ಹತ್ತುತ್ತಿರಲಿಲ್ಲ. "ಅಂವನ ಮನಿ ಕಡೀಕಿರಲಿ," ಎನ್ನುತ್ತಿದ್ದರು ಮಾವ. "ಅಲ್ಲಿ ಕನಸ ಬೇಕಾಗೂದಿಲ್ಲ. ಹೋಗಿ ಕುಂತ್ರ ಸಾಕು."

ಹೋದೆವು. ಬಾಗಿಲು ತೆರೆದವರು ಕಂಡಕ್ಟರರ ಹೆಂಡತಿ. ಪಡಸಾಲೆಯ ಗೋಡೆಯ ಮೇಲೆ ಫೋಟೋ ಇತ್ತು. ಫೋಟೋಕ್ಕೆ ಮಾಲೆ ಇತ್ತು. ಪಕ್ಕದ ಮೊಳೆಯಲ್ಲಿ ಚರ್ಮದ ಟಿಕೆಟ್ ಚೀಲ, ಅದರ ಕೆಳಗೆ ದಾರಕ್ಕೆ ಕಟ್ಟಿದ ಸೀಟಿ. ಮಾವ ಅವುಗಳನ್ನು ನಾನು ಬರೆದ ಇದೇ ಕ್ರಮದಲ್ಲಿ ನೋಡಿದರು. ಆಮೇಲೆ ನೆಲದ ಮೇಲೆ ಕೂತರು.

"ಎರಡನೇ ಸಲ ಕೊರೊನಾ ಬ್ಯಾನಿ ಬಂದಾಗ ಹ್ವಾದ್ರರಿ, ಅಣ್ಣಾರ," ಎಂದರು ಆಕೆ. "ನಿಮಗ ಹೇಳಬೇಕಂದ್ರ ನಿಮ್ಮ ನಂಬರ ಅವರ ಫೋನಿನಾಗಿತ್ತು. ಫೋನು ದವಾಖಾನ್ಯಾಗ ಕಳೀತು."

ಮಾವ ಕಣ್ಣು ಮುಚ್ಚಲಿಲ್ಲ. ರೆಪ್ಪೆಯನ್ನೂ ಬಡಿಯದೆ ಕೂತರು.

"ನಿಮ್ಮ ಕಣ್ಣು ಹತ್ತಬಾರದಂತ ರಾತ್ರೆಲ್ಲಾ ಬಾನೆಟ್ ಮ್ಯಾಲೆ ಕುಂತು ಮಾತಾಡ್ತಿದ್ರಂತ. ಮನಿಗೆ ಬಂದ್ರ ಮಾತ ಇರ್ತಿರಲಿಲ್ಲ, ಎಲ್ಲಾ ನಿಮಗ ಹೇಳಿ ಮುಗದಿರ್ತಿತ್ತು," ಎಂದು ಆಕೆ ಸ್ವಲ್ಪ ನಕ್ಕರು. "ಈಗ ನನಗ ರಾತ್ರಿ ಕಣ್ಣ ಮುಚ್ಚೂದಿಲ್ರಿ. ಮಾತ್ರಿ ಕೊಟ್ಟಾರ, ಆದ್ರೂ ಮುಚ್ಚೂದಿಲ್ಲ. ಇರ್ಲಿ, ಏನ ಬಂದಿದ್ರಿ?"

ನಾನೇ ಶಾಲೆಯ ವಿಷಯ ಹೇಳಿದೆ, ದಿನ ಹಿಡಿಯುವ ವಿಷಯವನ್ನೂ ಹೇಳಿದೆ.

"ಒಂದು ಚೀಲ ತೊಗರಿ ಮಾರಿದ್ರ ಸಾಕೇನ್ರಿ?"

"ಬ್ಯಾಡ ತಂಗಿ," ಎಂದರು ಮಾವ. ಅವರು ದಿನ ಬೇಡವೆಂದದ್ದು ಅದೊಂದೇ ಸಲ.

"ಅವರು ಹ್ವಾದ ದಿನ ಬ್ಯಾಡ್ರಿ ನನಗ. ಅವರಿಗೆ ಮಂಗಳವಾರ ರಜಾ ಇರ್ತಿತ್ತು. ಮಂಗಳವಾರ ಮನ್ಯಾಗ ಇರ್ತಿದ್ರು. ಯಾವದರ ಒಂದು ಮಂಗಳವಾರ ಕೊಡ್ರಿ." ಆಕೆ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದರು. "ನೀವೂ ಬ್ಯಾಡಂದ್ರ ಆ ದಿನಾ ನಾ ಎಲ್ಲಿ ಇಟ್ಕೊಳ್ಳಲಿ, ಅಣ್ಣಾರ?"

ಮಾವ ಕೊಟ್ಟರು. ಮರಳುವ ದಾರಿಯಲ್ಲಿ ನನ್ನ ಭುಜದ ಮೇಲೆ ಭಾರವಿರಲಿಲ್ಲ. ಗೊರಕೆಯೂ ಇರಲಿಲ್ಲ, ಟವೆಲ್ಲನ್ನೂ ಅವರು ಕಟ್ಟಿಕೊಂಡಿರಲಿಲ್ಲ. ನಾನು ಎರಡು ಸಲ ಗಾಡಿ ನಿಲ್ಲಿಸಿ ಅವರು ಹಿಂದೆ ಇದ್ದಾರೆಯೇ ಎಂದು ನೋಡಿದೆ.

ಅಂದಿನಿಂದ ಮಾವ ಕನಸು ಹೇಳಲಿಲ್ಲ. ಮನೆಮನೆಯ ಬಾಗಿಲಲ್ಲಿ ನಿಂತು, ಕಣ್ಣು ತೆರೆದುಕೊಂಡು, "ಒಂದು ದಿನಾ ಹಿಡೀರಿ, ಸಾಲಿ ಉಳಿಬೇಕು," ಎಂದು ಕೇಳಿದರು. ಎರಡು ವಾರದಲ್ಲಿ ಪರೀಕ್ಷೆಯವರೆಗಿನ ದಿನಗಳೆಲ್ಲ ತುಂಬಿದವು.

ಆ ಮಂಗಳವಾರ ಆಕೆ ಬಸ್ಸಿನಲ್ಲಿ ಒಬ್ಬರೇ ಬಂದರು. ಡಬ್ಬಿಯಲ್ಲಿ ಶೇಂಗಾ ಹೋಳಿಗೆ ತಂದಿದ್ದರು. ಮಕ್ಕಳಿಗೆ ಹಂಚಿ, ಮಧ್ಯಾಹ್ನ ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕೂತರು. ನಾನು ಪಾಠ ಓದುತ್ತಿದ್ದೆ. ಕಿಟಕಿಯಿಂದ ಬಿಸಿಲು ನೆಲದ ಮೇಲೆ ಬಿದ್ದು ಮೆಲ್ಲನೆ ಸರಿಯುತ್ತಿತ್ತು. ಒಬ್ಬ ಹುಡುಗಿ ಹಿಂದೆ ತಿರುಗಿ ನೋಡಿ ಪಿಸುಗುಟ್ಟಿದಳು:

"ಸರ್, ಆಯಿ ಮಲಗ್ಯಾರ್ರಿ."

ಆಕೆ ಡೆಸ್ಕಿನ ಮೇಲೆ ಕೈಮಡಚಿ, ಕೈಯ ಮೇಲೆ ಕೆನ್ನೆ ಇಟ್ಟು ಮಲಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು.

ಶಾಲೆ ಬಿಡುವ ಹೊತ್ತಾಯಿತು. ಹೆಡ್ ಮಾಸ್ತರರು ಗಂಟೆಯ ಕಡೆ ನಡೆದುದು ಕಿಟಕಿಯಲ್ಲಿ ಕಂಡಿತು. ಅವರಿಗಿಂತ ಮೊದಲು ಮಾವ ಅಲ್ಲಿ ತಲುಪಿ, ಗಂಟೆ ಬಡಿಯುವ ಕಬ್ಬಿಣದ ತುಂಡನ್ನು ಕೈಗೆ ತೆಗೆದುಕೊಂಡರು.

"ಟೈಮಾತ್ರಿ," ಎಂದರು ಹೆಡ್ ಮಾಸ್ತರರು.

"ಇವತ್ತಿನ ದಿನಾ ಆಕೀದು," ಎಂದರು ಮಾವ. "ಆಕಿ ಏಳೂತನಾ ಮುಗಿಯೂದಿಲ್ಲ."

ಮಕ್ಕಳು ಯಾರೂ ಎದ್ದೇಳಲಿಲ್ಲ. ನಾನು ಪುಸ್ತಕದ ಹಾಳೆ ಹಿಂದಕ್ಕೆ ಮಗುಚಿ, ದನಿ ತಗ್ಗಿಸಿ, ಪಾಠವನ್ನು ಮತ್ತೆ ಮೊದಲಿನಿಂದ ಓದತೊಡಗಿದೆ.