ಕಮಲಾಪುರದಲ್ಲಿ ಸಾಹೇಬರ ಯುದ್ಧ

ಪುಸ್ತಕ ಬರೆದವರಿಗೆ ಒಂದೇ ಸಲ ಕಷ್ಟ; ಅದನ್ನು ಊರವರಿಗೆ ಓದಿ ಹೇಳುವವನಿಗೆ ವಾರವಾರವೂ ಕಷ್ಟ. ೧೯೧೪ರ ದೊಡ್ಡ ಲಡಾಯಿ ಮುಗಿದ ಮೇಲೆ ಒಬ್ಬ ಇಂಗ್ಲಿಷ್ ಸಾಹೇಬರು ತಮ್ಮ ಸಾಹಸಗಳನ್ನು ಬರೆದು ಅಚ್ಚು ಹಾಕಿಸಿದರು. ಅರ್ಧ ಸಿಪಾಯಿ, ಅರ್ಧ ರಾಯಭಾರಿ. ವೇಷ ಮರೆಸಿಕೊಂಡು ತುರ್ಕರ ನಾಡಿನಲ್ಲಿ ಅಲೆದು, ಸಿಕ್ಕಿಬಿದ್ದು, ಜೈಲು ಹಾರಿ ಬಂದವರು. ಆ ಪುಸ್ತಕ ಕಲಬುರ್ಗಿಯ ವಾಚನಾಲಯಕ್ಕೆ ಬಂತು.

ನಾನು ಕಲಬುರ್ಗಿಯ ಶಾಲೆಯಲ್ಲಿ ಇಂಗ್ಲಿಷ್ ಮಾಸ್ತರ. ನಿಜಾಮರ ಸರ್ಕಾರದಲ್ಲಿ ಶುಕ್ರವಾರ ರಜೆ. ರಜೆಗೆ ನನ್ನೂರು ಕಮಲಾಪುರಕ್ಕೆ ಹೋಗುತ್ತಿದ್ದೆ. ಅಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಕಾಯಿಪಲ್ಯ ಮಾರುವ ಒಬ್ಬ ಮುದುಕಿ. ಅವಳ ಒಬ್ಬನೇ ಮಗ ಹೇಸರಗತ್ತೆ ಹೊಡೆಯುವ ಕೆಲಸಕ್ಕೆಂದು ಫೌಜಿನ ಜೊತೆ ತುರ್ಕರ ನಾಡಿನ ಬಸ್ರಾಕ್ಕೆ ಹೋದವನು ಮರಳಿರಲಿಲ್ಲ. ಸತ್ತ ಸುದ್ದಿಯೂ ಬಂದಿರಲಿಲ್ಲ.

"ಆ ಲಡಾಯಿದೇ ಪುಸ್ತಕ ಅಂತಲ್ರಿ, ಮಾಸ್ತರ. ನನ್ನ ಮಗನ ಸುದ್ದಿ ಇದ್ದೇ ಇರ್ತದ. ಓದಿ ಹೇಳ್ರಿ" ಎಂದಳು.

ವಕೀಲರ ಪಾಟೀಸವಾಲು

ಕಲಬುರ್ಗಿಯಲ್ಲಿ ನನಗಿಂತ ಮೊದಲು ಪುಸ್ತಕ ಒಯ್ದವರು ಒಬ್ಬ ವಕೀಲರು. ವಾಪಸು ತಂದು ಮೇಜಿನ ಮೇಲೆ ಹಾಕಿ, "ಎಲ್ಲಾ ಸುಳ್ಳ" ಅಂದರು.

"ಯಾಕ್ರಿ?"

"ಪಹರೆಯವ ಮಲಗಿದ್ದ, ನಾ ಗೋಡಿ ಹಾರಿದೆ ಅಂತಾನ. ಪಹರೆಯವನ ಬಯಾನು ಎಲ್ಲದ? ಹಾರಿದಾಂವನೂ ಇವನೇ, ಸಾಕ್ಷಿನೂ ಇವನೇ. ಜೈಲಿಗಿ ಹೋದಾಂವ ಹಂಗೆಲ್ಲ ಹೊರಗ ಬರಂಗಿಲ್ಲ."

ಅವರ ಅನುಮಾನ ಸಹಜವೇ. ಅವರ ಕಕ್ಷಿದಾರರಲ್ಲಿ ಒಬ್ಬರೂ ಯಾವ ದಾರಿಯಿಂದಲೂ ಹೊರಗೆ ಬಂದದ್ದನ್ನು ಅವರು ಕಂಡಿರಲಿಲ್ಲ.

ಮಂಗಳ ಎಲ್ಲಿ?

ಕಮಲಾಪುರದಲ್ಲಿ ಓದು ನಡೆದದ್ದು ಮಠದ ಕಟ್ಟೆಯ ಮೇಲೆ. ಮುದುಕಿಗೆಂದು ಶುರುವಾದದ್ದಕ್ಕೆ ಓಣಿಯೇ ಬಂದು ಕೂತಿತು. ನಮ್ಮಲ್ಲಿ ಪುರಾಣ ಓದುವವರು ಕಥಾನಾಯಕನನ್ನು ಸಂಕಟದಲ್ಲಿ ಬಿಟ್ಟು ಪುಸ್ತಕ ಮುಚ್ಚುವಂತಿಲ್ಲ. ಮದುವೆಯೋ ಜಯವೋ ಬರುವ ತನಕ ಓದಬೇಕು. ಇದನ್ನು ಮರೆತು ನಾನು, ಸಾಹೇಬರ ಕಾಲಿಗೆ ಸರಪಳಿ ಬಿದ್ದಲ್ಲಿ ನಿಲ್ಲಿಸಿದೆ.

"ಹಿಂಗ ಸರಪಳಿ ಹಾಕಿ ಬಿಟ್ಟು ಹೋದ್ರ ಊರಿಗಿ ಒಳ್ಳೇದಲ್ರಿ, ಮಾಸ್ತರ" ಅಂದರು ಊರಿನ ಲೆಕ್ಕ ಬರೆಯುವ ಮುದಿ ಪಟವಾರಿ.

ಓದಿದೆ. ಸರಪಳಿ ಹೋಯಿತು, ಮರುಭೂಮಿ ಬಂತು. "ನೀರು ಸಿಗೂ ಮಟಾ ಓದ್ರಿ" ಅಂದರು. ನೀರು ಸಿಕ್ಕಿತು, ಜ್ವರ ಬಂತು. ಪುಟ ಮಗುಚಿದಷ್ಟೂ ಅಮಂಗಳವೇ. ಅತ್ತ ಕಲಬುರ್ಗಿಯ ಮೋಟಾರು ಹೊರಡುವ ಹೊತ್ತಾಗುತ್ತಿತ್ತು. ಬೇರೆ ದಾರಿ ಕಾಣದೆ ಪುಸ್ತಕದಲ್ಲಿಲ್ಲದ ಒಬ್ಬ ತುರ್ಕಿ ಪಾಶಾನ ಮಗಳನ್ನು ತಂದು ಸಾಹೇಬರಿಗೆ ಮದುವೆ ಮಾಡಿಸಿದೆ. ಜನ ಸಮಾಧಾನದಿಂದ ಎದ್ದರು. ಮುದುಕಿ ಏಳಲಿಲ್ಲ.

"ಲಗ್ನಕ್ಕ ನಮ್ಮಾಂವ ಬಂದಿದ್ದನೇನ್ರಿ?"

ಸಾಹೇಬರಿಗೆ ಹೆಂಡತಿಯನ್ನು ಹುಡುಕಿದ ನನಗೆ, ಆ ಮದುವೆಗೆ ಒಬ್ಬ ಅತಿಥಿಯನ್ನು ಕರೆಯುವ ಧೈರ್ಯ ಬರಲಿಲ್ಲ. "ಪುಸ್ತಕದಾಗ ಅದನ್ನ ಬರದಿಲ್ಲವ್ವಾ" ಅಂದೆ.

ಮುಂದಿನ ಶುಕ್ರವಾರ ಪುಸ್ತಕ ತೆರೆದರೆ ಮೊದಲ ಸಾಲಿನಲ್ಲೇ ವಿಲಾಯತಿನಿಂದ ಸಾಹೇಬರ ನಿಜವಾದ ಹೆಂಡತಿಯ ಕಾಗದ ಬಂದಿತ್ತು. ಆಮೇಲೆ ಎಲ್ಲರೂ ಕೇಳಿದ್ದು ಇಬ್ಬರು ಹೆಂಡಿರ ಸುದ್ದಿಯನ್ನೇ; ಯುದ್ಧದಲ್ಲಿ ಯಾರು ಗೆದ್ದರೆಂದು ಕಮಲಾಪುರದಲ್ಲಿ ಒಬ್ಬರೂ ಕೇಳಲಿಲ್ಲ.

ಕುದುರೆಯ ಸಾವು

ಸಾಹೇಬರ ಕುದುರೆ ಸತ್ತ ಅಧ್ಯಾಯ ಬಂತು. ಕುದುರೆಗೆ ಹೆಸರಿತ್ತು, ಕುಲವಿತ್ತು, ಅದರ ಕಣ್ಣಿನ ವರ್ಣನೆಯಿತ್ತು. ಹೇಸರಗತ್ತೆಗಳ ವಿಷಯಕ್ಕೆ ಬಂದರೆ "ಅವು ಮುಂದೆ ಸಾಗಿದವು" ಎಂದಷ್ಟೇ. ಅವನ್ನು ಹೊಡೆದುಕೊಂಡು ಹೋದವರು ಯಾರೆಂದು ಇಲ್ಲ.

"ಕುದುರಿಗಿ ಹೆಸರದ, ನನ್ನ ಮಗಗ ಯಾಕಿಲ್ಲ?" ಎಂದಳು ಮುದುಕಿ.

ಪಟವಾರಿ ನಿಧಾನವಾಗಿ ತಿಳಿಸಿ ಹೇಳಿದರು: "ಕುದುರಿ ಸರ್ಕಾರಿ ಮಾಲು ಅದವ್ವಾ. ಕಳದ್ರ ಮ್ಯಾಲಿನವರಿಗಿ ಜವಾಬು ಕೊಡಬೇಕಾಗ್ತದ. ಮನಷಾಂದು ಹಂಗಲ್ಲ."

ಕೊನೆಯ ಶುಕ್ರವಾರ

ಕಡೆಯ ಅಧ್ಯಾಯದಲ್ಲಿ ಸಾಹೇಬರು ತಮ್ಮ ಸಂಗಾತಿಗಳನ್ನೆಲ್ಲ ಹೆಸರು ಹಿಡಿದು ನೆನೆದಿದ್ದರು. ಒಬ್ಬನಿಗೆ ಗುಂಡು, ಒಬ್ಬನಿಗೆ ಜ್ವರ, ದುಭಾಷಿ ಹೊಳೆಯ ಪಾಲು, ಅಡುಗೆಯವನಿಗೆ ಜೈಲಿನಲ್ಲೇ ಸಾವು. ಮುದುಕಿ ಪ್ರತಿ ಹೆಸರಿಗೂ ಸ್ವಲ್ಪ ಮುಂದೆ ಸರಿದು ಸರಿದು ನನ್ನ ಮೊಣಕಾಲಿನ ಹತ್ತಿರ ಬಂದಿದ್ದಳು. ಪುಸ್ತಕ ಮುಗಿಯಿತು. ಅವಳ ಮುಖ ನೋಡಲಾರದೆ ರಟ್ಟು ಮುಚ್ಚಿದೆ.

"ಹೆಸರು ಬಂದವರೊಳಗ ಯಾರರೆ ಉಳದಾರೇನ್ರಿ?"

ಯೋಚಿಸಿದೆ. "ಇಲ್ಲವ್ವಾ."

"ನನ್ನ ಮಗನ ಹೆಸರು?"

"ಎಲ್ಲೂ ಬರಲಿಲ್ಲ."

"ಮತ್ತೊಮ್ಮಿ ನೋಡ್ರಿ."

ಮೊದಲಿಂದ ಕೊನೆಯವರೆಗೆ ಹಾಳೆ ತಿರುವಿದೆ. "ಇಲ್ಲವ್ವಾ."

ಮುದುಕಿ ಎದ್ದು ಮನೆಗೆ ಹೋದಳು. ಅಳುವುದಕ್ಕೆ ಹೋದಳೆಂದು ನಾವೆಲ್ಲ ತಲೆ ತಗ್ಗಿಸಿದೆವು. ಅವಳು ಸೆರಗಿನ ತುಂಬ ಸಕ್ಕರೆ ತಂದು, ಕಟ್ಟೆಯ ಮೇಲಿದ್ದ ಎಲ್ಲರ ಕೈಗೂ ಹಾಕಿದಳು. ನನ್ನ ಕೈಗೆ ಹಾಕುವಾಗ ಬಗ್ಗಿ, ಬೇರೆಯವರಿಗೆ ಕೇಳದಂತೆ ಹೇಳಿದಳು:

"ಆ ಸಾಹೇಬ ಇನ್ನೊಂದ ಪುಸ್ತಕ ಬರದ್ರ ತರಬ್ಯಾಡ್ರಿ, ಮಾಸ್ತರ. ಅವನ ಕೈಗುಣ ಚಲೋ ಇಲ್ಲ."