ಸೊಟ್ಟ ಕೈ ತಂದ ಬಸ್ಸು

ಇಪ್ಪತ್ತು ವರ್ಷ ಮಗ್ಗದ ಮುಂದೆ ನಿಂತು ನಾನು ಚೆನ್ನಾಗಿ ಕಲಿತ ವಿದ್ಯೆ ಒಂದೇ: ಬಟ್ಟೆಯಲ್ಲಿ ದೋಷ ಕಂಡರೆ ಅದು ನನ್ನದಲ್ಲ ಎಂದು ಹೇಳುವುದು. ಮಹಾರಾಷ್ಟ್ರದ ಗಡಿಯೊಳಗಿನ ನಮ್ಮ ಇಚಲಕರಂಜಿಯಲ್ಲಿ ಇದನ್ನು ಯಾರೂ ಸುಳ್ಳು ಎನ್ನುವುದಿಲ್ಲ. ಮಗ್ಗಕ್ಕೆ ಎಣ್ಣೆ ಬಿಟ್ಟ ಹಾಗೆ ಇದೂ ಕೆಲಸದ ಒಂದು ಭಾಗ. ಬಟ್ಟೆ ತಪಾಸಣೆ ಮಾಡುವವನು ಎಳೆ ತಪ್ಪಿದ ಕಡೆ ಸೀಮೆಸುಣ್ಣದ ಗೆರೆ ಎಳೆದು ನಮ್ಮನ್ನು ಕರೆಯುತ್ತಾನೆ. ನಾವು ಹೋಗಿ, ಸತ್ತವರ ಮುಖ ನೋಡುವಂತೆ ಬಗ್ಗಿ ನೋಡಿ, "ನೂಲ ಖರಾಬ ಐತ್ರಿ" ಎನ್ನುತ್ತೇವೆ. ನೂಲಿನವನು ಗಂಜಿ ಹಾಕಿದವನ ಕಡೆ ಬೆರಳು ತೋರಿಸುತ್ತಾನೆ. ಗಂಜಿಯವನು ಹವೆಯ ಕಡೆ ತೋರಿಸುತ್ತಾನೆ. ಹವೆಗೆ ಬೆರಳಿಲ್ಲ, ಆದ್ದರಿಂದ ತಪ್ಪು ಅದರದೇ ಎಂದು ತೀರ್ಮಾನವಾಗಿ ಎಲ್ಲರೂ ಚಹಾ ಕುಡಿಯಲು ಹೋಗುತ್ತೇವೆ.

ಆದರೆ ನಾನು ಈ ವಿದ್ಯೆಯನ್ನು ಮಗ್ಗ ಮುಟ್ಟುವುದಕ್ಕೂ ಬಹಳ ಮೊದಲೇ, ಆರನೆಯ ವಯಸ್ಸಿಗೇ ಕಲಿತುಬಿಟ್ಟಿದ್ದೆ. ಅದನ್ನು ಮೊದಲ ಸಲ ಪ್ರಯೋಗ ಮಾಡಿದ್ದು ನನ್ನ ಅಕ್ಕ ಶಾಂತಾಳ ಮೇಲೆ. ಅದನ್ನು ಒಪ್ಪಿಕೊಳ್ಳಲು ನನಗೆ ನಲವತ್ತು ತುಂಬಬೇಕಾಯಿತು, ಒಬ್ಬ ಸಾಹೇಬರು ನೆಲಕ್ಕೆ ಕೂರಬೇಕಾಯಿತು.

ಅಕ್ಕನಿಗೂ ನನಗೂ ನಾಲ್ಕು ವರ್ಷದ ಅಂತರ. ನಮ್ಮಪ್ಪ ವಿಜಾಪುರದ ಕಡೆಯಿಂದ ಮಗ್ಗದ ಕೆಲಸಕ್ಕೆ ಬಂದವನು. ಅಕ್ಕನನ್ನು ಗಡಹಿಂಗ್ಲಜ ಕಡೆಯವರಿಗೆ ಕೊಟ್ಟೆವು. ಭಾವನೂ ಮಗ್ಗ ಹುಡುಕಿಕೊಂಡು ನಮ್ಮೂರಿಗೇ ಬಂದ. ಹಾಗಾಗಿ ಊರಂಚಿನ ನಮ್ಮ ಕಾರ್ಮಿಕರ ಓಣಿಯಲ್ಲಿ ಅವರ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದು ನಲ್ಲಿ ಮಾತ್ರ. ಅಕ್ಕ ಕಾಂಡಿಯ ಕೆಲಸ ಮಾಡುತ್ತಾಳೆ. ಅಂದರೆ ಮಗ್ಗದ ಲಾಳಿಯೊಳಗೆ ಹಾಕುವ ಸಣ್ಣ ಕೊಳವೆಗೆ ನೂಲು ಸುತ್ತುವುದು. ಹತ್ತನೆಯ ವಯಸ್ಸಿನಿಂದ ಸುತ್ತುತ್ತಿದ್ದಾಳೆ. ಅವಳಿಗೆ ಒಂದು ವಿಚಿತ್ರ ಅಭ್ಯಾಸ. ಮಗಳು ಪಲ್ಲವಿಯನ್ನು ಕರೆದುಕೊಂಡು ರಸ್ತೆ ದಾಟುವಾಗ ಕೈ ಹಿಡಿಯುವುದಿಲ್ಲ, ಮಣಿಕಟ್ಟು ಹಿಡಿಯುತ್ತಾಳೆ. ಅದೂ ಎಂಥ ಹಿಡಿತವೆಂದರೆ, ವರ್ಷಕ್ಕೆ ನಾಲ್ಕು ಡಜನ್ ಬಳೆ ಆ ಹುಡುಗಿಯ ಕೈಮೇಲೇ ಪುಡಿಯಾಗುತ್ತವೆ. ನಲ್ಲಿಯ ಹತ್ತಿರದ ಹೆಂಗಸರು, "ಶಾಂತಕ್ಕಾ, ಮಗಳ ಕೈ ಹಿಡದೀಯೋ, ಕಳ್ಳನ್ನ ಹಿಡಕೊಂಡ ಚೌಕಿಗೆ ಹೊಂಟೀಯೋ?" ಎಂದು ನಗುತ್ತಿದ್ದರು. ಅವರ ಜೊತೆ ನಾನೂ ನಗುತ್ತಿದ್ದೆ. ಎಲ್ಲರಿಗಿಂತ ಸ್ವಲ್ಪ ಜೋರಾಗಿಯೇ ನಗುತ್ತಿದ್ದೆ ಎಂದು ಈಗ ಅನಿಸುತ್ತದೆ.

ನಮ್ಮ ಓಣಿಯ ಕನ್ನಡ ಶಾಲೆ ಇರುವುದು ನಾಲ್ಕನೆಯ ತರಗತಿಯವರೆಗೆ. ಐದಕ್ಕೆ ಹೋಗಬೇಕಾದರೆ ಹೆದ್ದಾರಿಯಂಥ ದೊಡ್ಡ ರಸ್ತೆ ಹಿಡಿದು ಮೂರು ಕಿಲೋಮೀಟರು ನಡೆಯಬೇಕು, ಆ ಕಡೆ ಬಸ್ಸಿಲ್ಲ. ಒಂದು ಬದಿಗೆ ಗಟಾರ, ಇನ್ನೊಂದು ಬದಿಗೆ ಬಟ್ಟೆಯ ಗಂಟು ಹೇರಿದ ಲಾರಿಗಳ ಸಾಲು. ಮಕ್ಕಳಿಗೆ ಉಳಿಯುವುದು ನಡುವಿನ ಜಾಗ. ಆ ನಡುವಿನ ಜಾಗದಲ್ಲಿ ದೀಪಾವಳಿಯಿಂದ ಹೋಳಿಯವರೆಗೆ ಕಬ್ಬಿನ ಟ್ರ್ಯಾಕ್ಟರುಗಳು ಓಡುತ್ತವೆ. ಒಂದು ಟ್ರ್ಯಾಕ್ಟರಿನ ಹಿಂದೆ ಎರಡು ಟ್ರಾಲಿ, ಟ್ರಾಲಿಯ ಅಗಲಕ್ಕಿಂತ ಕಬ್ಬಿನ ಅಗಲ ಹೆಚ್ಚು. ಚಾಲಕ ಹಾಕಿದ ಹಾಡಿನ ಸದ್ದಿಗೆ ಹಿಂದಿನವರ ಹಾರ್ನ್ ಇರಲಿ, ಅವನ ಎಂಜಿನ್ನಿನ ಸದ್ದೇ ಅವನಿಗೆ ಕೇಳುವುದಿಲ್ಲ.

ಪಲ್ಲವಿ ನಾಲ್ಕನೆಯದರಲ್ಲಿದ್ದಳು. ಭಾವ ಒಂದು ದಿನ ಊಟ ಮಾಡುತ್ತ ಹೇಳಿಬಿಟ್ಟ: "ಬಸ್ಸ ಬಂದ್ರ ಐದನೇತ್ತೆಗೆ ಹೋಗ್ಲಿ. ಇಲ್ಲಂದ್ರ ಅವರವ್ವನ ಸಂಗಾಟ ಕಾಂಡಿಗೆ ಬರಲಿ. ಆ ರಸ್ತಾದಾಗ ನಾ ನನ್ನ ಮಗಳ್ನ ಬಿಡಾಂವ ಅಲ್ಲ." ಭಾವ ಕೆಟ್ಟವನಲ್ಲ. ದಿನವೂ ಆ ರಸ್ತೆಯಲ್ಲೇ ಸೈಕಲ್ಲು ಹೊಡೆಯುವವನು, ಅಷ್ಟೆ. ಅಕ್ಕ ಬಡಿಸುವುದನ್ನು ಮುಗಿಸಿ, ಕೈ ತೊಳೆದು, ಬಸ್ಸು ಬೇಕೆಂದು ಮನೆಮನೆಗೆ ಸಹಿ ಕೇಳಲು ಹೊರಟಳು.

ಇಲ್ಲಿ ಕಬ್ಬು ಎಳೆಯುವ ಕಲೆಯ ಬಗ್ಗೆ ಎರಡು ಮಾತು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಹೊಲಕ್ಕೆ ಹೋಗಿ ಕೇಳಿದರೆ ರೈತ ಒಂದು ಕಟ್ಟು ಕಬ್ಬು ಬಿಟ್ಟಿಯಾಗಿ ಕೊಡುತ್ತಾನೆ. ಆ ಕಬ್ಬಿಗೆ ರುಚಿಯಿಲ್ಲ. ಓಡುವ ಟ್ರಾಲಿಯಿಂದ ಎಳೆದ ಕಬ್ಬೇ ಕಬ್ಬು. ಮುಂದಿನ ಟ್ರಾಲಿಗೆ ಕೈ ಹಾಕಬಾರದು, ಹಿಂದಿನದಕ್ಕೇ ಹಾಕಬೇಕು. ಹೊರಗೆ ಚಾಚಿದ ಒಂಟಿ ಗಳವನ್ನು ಮೊದಲೇ ಕಣ್ಣಲ್ಲಿ ಆರಿಸಿಕೊಂಡು, ಟ್ರಾಲಿಯ ಜೊತೆಯೇ ಹತ್ತು ಹೆಜ್ಜೆ ಓಡಿ, ಹಿಂದಕ್ಕಲ್ಲ, ಕೆಳಕ್ಕೆ ಎಳೆಯಬೇಕು. ಬರದಿದ್ದರೆ ಬಿಟ್ಟುಬಿಡಬೇಕು. ನಮ್ಮ ಓಣಿಯಲ್ಲಿ ಹುಟ್ಟಿದವರೆಲ್ಲ ಇದನ್ನು ಮಗ್ಗಿಗಿಂತ ಮೊದಲು ಕಲಿಯುತ್ತಾರೆ. ಪಲ್ಲವಿಗೆ ಕಲಿಸಿದವನು ನಾನೇ. ಸೋದರಮಾವನಾಗಿ ಅವಳಿಗೆ ನಾನು ಕೊಟ್ಟ ಶಿಕ್ಷಣ ಅದೊಂದೇ.

ಮೊದಲ ಅರ್ಜಿಯನ್ನು ಹೆಡ್‌ಮಾಸ್ತರರು ಕನ್ನಡದಲ್ಲಿ ಬರೆದರು. ಕೊಲ್ಲಾಪುರದ ಬಸ್ಸಿನ ಕಚೇರಿಯಲ್ಲಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಅಕ್ಷರ ದುಂಡಗೆ ಚೆನ್ನಾಗಿವೆ ಎಂದು ಮರಳಿ ಕೊಟ್ಟರಂತೆ. ಎರಡನೆಯದನ್ನು ಮರಾಠಿಯಲ್ಲಿ ಬರೆದರು. ಅದಕ್ಕೆ ಉತ್ತರ ಬಂತು: ಈ ರಸ್ತೆ ಮಕ್ಕಳಿಗೆ ಅಪಾಯಕಾರಿ ಎನ್ನುತ್ತೀರಿ, ಹಿಂದೆ ಯಾವ ಮಗುವಿಗಾದರೂ ಅಪಘಾತವಾಗಿದೆಯೇ, ಪುರಾವೆ ಕೊಡಿ.

ಶಾಲೆಯ ಅಂಗಳದಲ್ಲಿ ಇದನ್ನು ಓದಿ ಹೇಳಿದಾಗ ಸೇರಿದ್ದ ತಾಯಂದಿರೆಲ್ಲ ಒಟ್ಟಿಗೆ ನನ್ನ ಕಡೆ ತಿರುಗಿದರು. "ಅಲ್ರಿ, ನಮ್ಮ ಮಾದೇವಣ್ಣ ಇದ್ದಾನಲ್ಲ!" ನನ್ನ ಎಡಗೈ ಮೊಣಕೈ ಹತ್ತಿರ ಸೊಟ್ಟಗಿದೆ, ಪೂರ್ತಿ ಚಾಚಲು ಬರುವುದಿಲ್ಲ. ಆರನೆಯ ವಯಸ್ಸಿನಲ್ಲಿ ಆ ರಸ್ತೆಯಲ್ಲಿ ಟ್ರಾಲಿಯ ಪಕ್ಕ ಬಿದ್ದು ಮುರಿದದ್ದು. ಕಟ್ಟಿದವನು ತನಗೆ ತಿಳಿದ ಹಾಗೆ ಕಟ್ಟಿದ. ಇಷ್ಟು ವರ್ಷ ಯಾರಿಗೂ ಬೇಡವಾಗಿದ್ದ ಈ ಕೈಗೆ ಆ ದಿನ ಬಂದ ಬೆಲೆ ನೋಡಬೇಕಿತ್ತು. ಒಬ್ಬಾಕೆ ಅಂಗಿಯ ತೋಳು ಮೇಲಕ್ಕೆ ಸರಿಸಿ ಎಲ್ಲರಿಗೂ ತೋರಿಸಿದಳು. ಇನ್ನೊಬ್ಬಾಕೆ, "ಇನ್ನ ಸ್ವಲ್ಪ ಜಾಸ್ತಿ ಮುರದಿದ್ರ ಎರಡ ಬಸ್ ಬರ್ತಿದ್ವು ನೋಡ" ಎಂದಳು.

ಹೆಡ್‌ಮಾಸ್ತರರು ಕಾಗದ ತೆಗೆದುಕೊಂಡು, "ಹ್ಯಾಂಗ ಆತು, ಹೇಳು" ಎಂದರು. ನನ್ನ ಓದು ಆರನೆಯ ತರಗತಿಗೆ ನಿಂತದ್ದು. ಅಚ್ಚಿನ ಅಕ್ಷರ ಓದುತ್ತೇನೆ, ಸರಕಾರಿ ಹೇಳಿಕೆ ಬರೆಯುವಷ್ಟು ಬರುವುದಿಲ್ಲ. ನಾನು ಹೇಳಿದೆ, ಅವರು ಬರೆದರು. ಮೂವತ್ತನಾಲ್ಕು ವರ್ಷ ಹೇಳಿ ಹೇಳಿ ನಯವಾಗಿದ್ದ ಕತೆ ಅದು, ತಾನಾಗಿಯೇ ಬಾಯಿಂದ ಹೊರಬಂತು. ಬರೆದದ್ದನ್ನು ಅವರು ಓದಿ ಹೇಳಿದರು: ಜೊತೆಗಿದ್ದ ಅಕ್ಕ ಕೈ ಬಿಟ್ಟದ್ದರಿಂದ ಹುಡುಗ ಟ್ರಾಲಿಯ ಪಕ್ಕ ಬಿದ್ದ.

ಅಕ್ಕ ಎದುರಿಗೇ ಕುಳಿತಿದ್ದಳು. "ಹೌದ್ರಿ ಸರ್ರ. ನಾನ ಬಿಟ್ಟಿದ್ದೆ" ಎಂದು ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದಳು. ನಾಲ್ಕನೆಯ ತರಗತಿಯ ಸಹಿ, ಒಂದೊಂದು ಅಕ್ಷರವೂ ಬೇರೆ ಬೇರೆ ನಿಂತಿತ್ತು.

ನಿಜ ಸಂಗತಿ ಇಷ್ಟು. ಆ ದಿನ ರಸ್ತೆ ದಾಟುವಾಗ ಅಕ್ಕ ನನ್ನ ಕೈಯನ್ನು ಸರಿಯಾಗಿಯೇ ಹಿಡಿದಿದ್ದಳು. ಕಬ್ಬು ಕಂಡಿತು. ನಾನು ಕೊಸರಿಕೊಂಡು ಓಡಿದೆ. ಹಿಡಿದ ಗಳ ಕಟ್ಟಿನೊಳಗೆ ಬಿಗಿಯಾಗಿತ್ತು, ಬರಲಿಲ್ಲ. ಅಕ್ಕನ ಕೈಯನ್ನು ಅಷ್ಟು ಸುಲಭವಾಗಿ ಬಿಟ್ಟವನು ಆ ಕಬ್ಬನ್ನು ಮಾತ್ರ ಬಿಡಲಿಲ್ಲ. ಎಳೆದುಕೊಂಡು ಹೋಗಿ ಬಿದ್ದೆ. ಮನೆಗೆ ಹೊತ್ತು ತಂದಾಗ ಅಪ್ಪ ಕೇಳಿದ್ದಕ್ಕೆ, "ಅಕ್ಕ ಕೈ ಬಿಟ್ಲು" ಎಂದೆ. ಅಪ್ಪ ಮತ್ತೇನೂ ಕೇಳಲಿಲ್ಲ. ತಮ್ಮನ ಕೈ ಹಿಡಿದುಕೊಳ್ಳಲಾಗದವಳು ಸಾಲಿ ಕಲಿತು ಏನು ಮಾಡುತ್ತಾಳೆ ಎಂದು ಮರುದಿನವೇ ಅವ್ವನ ಪಕ್ಕ ಕಾಂಡಿಗೆ ಕೂರಿಸಿದ. ಶಾಲೆಯೆಂದರೆ ಪ್ರಾಣ ಬಿಡುತ್ತಿದ್ದವಳು ನಾಲ್ಕಕ್ಕೆ ನಿಂತಳು. ಶಾಲೆಯೆಂದರೆ ಹೊಟ್ಟೆನೋವು ಬರುತ್ತಿದ್ದ ನನ್ನನ್ನು ಪಕ್ಕದ ಮನೆಯವರು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಹೋಗಿ ಆರರವರೆಗೆ ದಾಟಿಸಿದರು.

ಫೆಬ್ರುವರಿಯಲ್ಲಿ ಒಂದು ಬೆಳಿಗ್ಗೆ ಕೊಲ್ಲಾಪುರದಿಂದ ಸಾಹೇಬರೊಬ್ಬರು ರಸ್ತೆ ನೋಡಲು ಬಂದರು. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು, ಹಿಂದೆ ಬರೆದುಕೊಳ್ಳಲು ಒಬ್ಬ ಗುಮಾಸ್ತ. ಅವರಿಗೆ ನಮ್ಮ ಕನ್ನಡ ತಿಳಿಯುತ್ತಿತ್ತು, ಮಾತು ಮಾತ್ರ ಮರಾಠಿ. ಓಣಿಯ ಜನವೆಲ್ಲ ರಸ್ತೆಯ ಅಂಚಿಗೆ ಸೇರಿತ್ತು. ನನ್ನನ್ನು ಪುರಾವೆಯಾಗಿ ಮುಂದೆ ನಿಲ್ಲಿಸಿದ್ದರು, ಅಂಗಿಯ ತೋಳು ಮಡಚಿ. ಸಾಹೇಬರು ಕೈಯನ್ನು ನೋಡಿದರು, ಹೇಳಿಕೆಯನ್ನು ಓದಿದರು, ಆಮೇಲೆ ಮುಖದ ಮೇಲೆ ಒಂದು ನೆಮ್ಮದಿ ಕಾಣಿಸಿತು. ಆ ನೆಮ್ಮದಿ ನನಗೆ ಚೆನ್ನಾಗಿ ಗೊತ್ತು. ನೂಲು ಖರಾಬ ಎಂದು ಹೇಳುವ ಮುಂಚೆ ನಮ್ಮ ಮುಖದ ಮೇಲೆ ಬರುವಂಥದು.

"ಇಲ್ಲೇ ಬರೆದಿದೆಯಲ್ಲ" ಎಂದರು ಮರಾಠಿಯಲ್ಲಿ. "ಹುಡುಗಿ ಕೈ ಬಿಟ್ಟಳು. ಇದರಲ್ಲಿ ರಸ್ತೆಯ ತಪ್ಪೇನು? ದೊಡ್ಡವರು ಸರಿಯಾಗಿ ಕೈ ಹಿಡಿದುಕೊಂಡು ಹೋದರೆ ಬಸ್ಸು ಯಾಕೆ ಬೇಕು?"

ಅಕ್ಕ ತಲೆ ತಗ್ಗಿಸಿದಳು. ಪಲ್ಲವಿಯ ಮಣಿಕಟ್ಟು ಅವಳ ಮುಷ್ಟಿಯಲ್ಲಿ ಬೆಳ್ಳಗಾಗಿತ್ತು. "ಅವ್ವಾ, ಕೈ ನೋಯಾಕತ್ತೈತಿ" ಎಂದಳು ಹುಡುಗಿ. ಅಕ್ಕ ಸಡಿಲಿಸಲಿಲ್ಲ. ಭಾವ ಕೈಕಟ್ಟಿ ಆಕಾಶ ನೋಡುತ್ತಿದ್ದ. ಅವನ ಲೆಕ್ಕದಲ್ಲಿ ಐದನೆಯ ತರಗತಿ ಅಲ್ಲಿಗೆ ಮುಗಿದಿತ್ತು.

"ಹೀಗೆ ಹಿಡಿಯಬೇಕು, ನೋಡಿ" ಎಂದು ಸಾಹೇಬರು ಪಾಠಕ್ಕೆ ಹತ್ತಿರ ಸಿಕ್ಕ ನನ್ನ ಬಲಗೈಯನ್ನೇ ಹಿಡಿದುಕೊಂಡರು. ಗಟ್ಟಿ ಕೈ. ನಾನು ನಿಜ ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಟ್ರ್ಯಾಕ್ಟರಿನ ಹಾಡು ಕೇಳಿಸಿತು.

ಮುಂದೆ ಆದದ್ದನ್ನು ನಾನು ಬೇಕೆಂದೇ ಮಾಡಿದೆ ಎಂದು ಚಹಾದಂಗಡಿಯಲ್ಲಿ ಹೇಳಿಕೊಂಡು ತಿರುಗಿದ್ದೇನೆ. ಇಲ್ಲಿ ಹಾಗೆ ಹೇಳುವುದಿಲ್ಲ. ಮೊದಲ ಟ್ರಾಲಿ ಹೋಯಿತು. ಎರಡನೆಯದರಿಂದ ಒಂದು ಗಳ ಹೊರಗೆ ಚಾಚಿಕೊಂಡಿತ್ತು, ಬುಡ ದಪ್ಪ, ಕೆಂಪು ಬಣ್ಣ. ನನ್ನ ಕಾಲು ನನ್ನನ್ನು ಕೇಳಲಿಲ್ಲ. ಹತ್ತು ಹೆಜ್ಜೆ ಓಡಿದ್ದೂ ಕೆಳಕ್ಕೆ ಎಳೆದದ್ದೂ ಕಬ್ಬು ಕೈಗೆ ಬಂದ ಮೇಲೆಯೇ ನನಗೆ ತಿಳಿದದ್ದು. ತಿರುಗಿ ನೋಡಿದರೆ ಸಾಹೇಬರು ರಸ್ತೆಯ ಅಂಚಿನಲ್ಲಿ ಕುಳಿತಿದ್ದರು. ಒಂದು ಬೂಟು ಗಟಾರದಲ್ಲಿತ್ತು. ಹೆಡ್‌ಮಾಸ್ತರರು ಫೈಲಿನ ಕಾಗದ ಆರಿಸುತ್ತಿದ್ದರು.

ಕಬ್ಬು ಹಿಡಿದುಕೊಂಡೇ ಹತ್ತಿರ ಹೋದೆ. ಈಗ ಬಾಯಿ ಬಂತು.

"ಸಾಹೇಬ್ರ, ನೀವು ನನ್ನ ಕೈ ಬಿಟ್ಟಿರೇನ್ರಿ?"

"ಮೀ ಕುಠಂ ಸೋಡಲಾ! ತೂಚ ಹಿಸಕಾ ದಿಲಾಸ!" ಎಂದು ಕೂಗಿದರು. ನಾನೆಲ್ಲಿ ಬಿಟ್ಟೆ, ನೀನೇ ಕೊಸರಿಕೊಂಡೆ ಎಂದು.

"ಅವತ್ತೂ ಹಂಗ ಆಗಿತ್ರಿ. ನಮ್ಮಕ್ಕ ಬಿಟ್ಟಿದ್ದಿಲ್ಲ. ನಾನ ಕೊಸರಿಕೊಂಡಿದ್ದೆ. ಅಪ್ಪಗ ಸುಳ್ಳ ಹೇಳಿದೆ."

ನಲ್ಲಿಯ ಹೆಂಗಸರಲ್ಲಿ ಒಬ್ಬರೂ ನಗಲಿಲ್ಲ. ಅಕ್ಕ ನನ್ನನ್ನು ನೋಡಲಿಲ್ಲ. ಪಲ್ಲವಿಯ ಮಣಿಕಟ್ಟು ಹಿಡಿದಿದ್ದ ತನ್ನ ಕೈಯನ್ನು ನೋಡುತ್ತಿದ್ದಳು, ಅದು ಬೇರೆ ಯಾರದೋ ಎಂಬಂತೆ.

ಸಾಹೇಬರು ಬಹಳ ಹೊತ್ತು ಕುಳಿತೇ ಇದ್ದರು. ಅವರ ಕಷ್ಟ ನನಗೆ ಅರ್ಥವಾಯಿತು. ಹಿಡಿದವರ ತಪ್ಪು ಎಂದು ಬರೆಯುವಂತಿಲ್ಲ, ಹಿಡಿದವರು ಅವರೇ. ಹುಡುಗನ ತಪ್ಪು ಎನ್ನಲು ಎದುರಿಗಿದ್ದ ಹುಡುಗನಿಗೆ ತಲೆ ಅರ್ಧ ಬೆಳ್ಳಗಾಗಿತ್ತು. ಬೆರಳು ತೋರಿಸಲು ಉಳಿದದ್ದು ರಸ್ತೆ ಒಂದೇ. ಕೊನೆಗೆ ಗುಮಾಸ್ತನಿಗೆ ಹೇಳಿ ಬರೆಸಿದರು: ದೊಡ್ಡವರು ಗಟ್ಟಿಯಾಗಿ ಕೈ ಹಿಡಿದರೂ ಈ ರಸ್ತೆಯಲ್ಲಿ ಮಕ್ಕಳು ಸುರಕ್ಷಿತರಲ್ಲ, ಖುದ್ದಾಗಿ ಪರಿಶೀಲಿಸಿದ್ದೇನೆ. ಬೂಟನ್ನು ನಾನೇ ತೊಳೆದುಕೊಟ್ಟೆ.

ಅಕ್ಕ ಕಬ್ಬನ್ನು ನನ್ನ ಕೈಯಿಂದ ತೆಗೆದುಕೊಂಡು, ಮೊಣಕಾಲಿಗೆ ಕೊಟ್ಟು ಮುರಿದು, ಅಲ್ಲಿದ್ದ ಮಕ್ಕಳಿಗೆಲ್ಲ ಹಂಚಿದಳು. ನನಗೆ ಕೊಡಲಿಲ್ಲ. ಮಧ್ಯಾಹ್ನ ನಾನೇ ಅವಳ ಮನೆ ಬಾಗಿಲಿಗೆ ಹೋಗಿ ನಿಂತೆ.

"ಅಪ್ಪ ಇದ್ದಾಗ ಹೇಳಬೇಕಿತ್ತು ನೀ" ಎಂದಳು.

"ಅಪ್ಪನ ಅಂಜಿಕಿ ಇತ್ತು."

"ಅಪ್ಪ ಹೋಗಿ ಎಷ್ಟ ವರ್ಷಾತು? ಆಮ್ಯಾಲೆ ಯಾರ ಅಂಜಿಕಿ?"

"ನಿಂದ."

ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು. "ಹ್ಯಾಂಗ ಬಿಟ್ಟೆ, ಹ್ಯಾಂಗ ಬಿಟ್ಟೆ ಅಂತ ದಿನಾ ಈ ಕೈ ನೋಡ್ತಿದ್ನೋ ಮಾದ್ಯಾ. ನೆನಪ ಮಾಡಿಕೊಂಡ್ರ ಬಿಟ್ಟಿದ್ದ ನೆನಪ ಆಗ್ತಿದ್ದಿಲ್ಲ. ಅದಕ್ಕ ನಾ ಭಾಳ ಕೆಟ್ಟಾಕಿ ಅಂತ ತಿಳ್ಕೊಂಡಿದ್ದೆ." ಮತ್ತೆ ಮೊರ ಎತ್ತಿಕೊಂಡಳು. ಅದಾದ ಮೇಲೆ ಹೋಳಿಯವರೆಗೆ ನನ್ನ ಜೊತೆ ಮಾತಿಲ್ಲ. ಮಾಡಿದ ಪಲ್ಯ ಮಾತ್ರ ಪಲ್ಲವಿಯ ಕೈಯಲ್ಲಿ ಬರುತ್ತಿತ್ತು, ಮೊದಲಿಗಿಂತ ಖಾರವಾಗಿ.

ಜೂನಿನಲ್ಲಿ ಬಸ್ಸು ಬಂತು. ಹೊಸದೇನಲ್ಲ, ಏರಿನಲ್ಲಿ ಕೆಮ್ಮುತ್ತದೆ. ಆದರೂ ಶಾಲೆಯ ಹೊತ್ತಿಗೆ ಬರುತ್ತದೆ, ಬಿಡುವ ಹೊತ್ತಿಗೆ ತಂದು ಇಳಿಸುತ್ತದೆ. ಮೊದಲ ದಿನ ಭಾವ ಪಾಳಿಯ ಮೇಲಿದ್ದ, ಕಳಿಸಲು ಅಕ್ಕನ ಜೊತೆ ನಾನು ಹೋದೆ. ಅಕ್ಕ ಪಲ್ಲವಿಯ ಕಿರುಬೆರಳನ್ನಷ್ಟೇ ಹಿಡಿದು ರಸ್ತೆ ದಾಟಿದಳು. ಕೈತುಂಬ ಹಾಕಿದ್ದ ಹೊಸ ಹಸಿರು ಬಳೆಗಳಲ್ಲಿ ಒಂದೂ ಒಡೆಯಲಿಲ್ಲ. ಮೆಟ್ಟಿಲ ಹತ್ತಿರ ಬೆರಳು ಬಿಟ್ಟಳು. ಹುಡುಗಿ ತಿರುಗಿಯೂ ನೋಡದೆ ಕಿಟಕಿ ಹಿಡಿಯಲು ಓಡಿದಳು.

ಬಸ್ಸು ಹೋಯಿತು. ಮರಳಿ ದಾಟಬೇಕು ಎನ್ನುವಾಗ ನನ್ನ ಮಣಿಕಟ್ಟಿಗೆ ಇಕ್ಕಳ ಬಿದ್ದಂತಾಯಿತು. ನೋಡಿದರೆ ಅಕ್ಕ.

"ಬಿಡಬೇ ಅಕ್ಕಾ, ಮಂದಿ ನೋಡಾಕತ್ತಾರ."

"ಟ್ರಾಲಿ ಬರ್ತಾವು. ಸುಮ್ಮನ ನಡಿ."

ಜೂನ್ ತಿಂಗಳಲ್ಲಿ ಟ್ರಾಲಿ ಎಲ್ಲಿಂದ ಬರಬೇಕು? ಸಕ್ಕರೆ ಕಾರ್ಖಾನೆ ನಿಂತು ಮೂರು ತಿಂಗಳಾಗಿತ್ತು. ರಸ್ತೆ ಆ ತುದಿಯಿಂದ ಈ ತುದಿಗೆ ಖಾಲಿ. ಚಹಾದಂಗಡಿಯವನು, "ಏನ್ ಶಾಂತಕ್ಕಾ, ಮಗಳ ಸಾಲಿಗೆ ಹೋತು, ಇದನ್ನ ಯಾವ ಸಾಲಿಗೆ ಹಾಕಾಕ ಹೊಂಟಿ?" ಎಂದು ಕೂಗಿದ. ನಾನು ಕೊಸರಿಕೊಳ್ಳಲಿಲ್ಲ. ಆಚೆ ಮುಟ್ಟಿದ ಮೇಲೂ ಅವಳು ಬಿಡಲಿಲ್ಲ, ನಲ್ಲಿಯವರೆಗೆ ಹಾಗೆಯೇ ನಡೆಸಿಕೊಂಡು ಬಂದಳು.

ಕೆಲಸಕ್ಕೆ ಹೋದಾಗ ಮಗ್ಗ ರಿಪೇರಿ ಮಾಡುವ ಜಾಬರ್ ನನ್ನ ಮಣಿಕಟ್ಟಿನ ಮೇಲಿನ ಐದು ಕೆಂಪು ಗೆರೆ ನೋಡಿ, "ಏನಾತೋ ಕೈಗೆ?" ಎಂದು ಕೇಳಿದ. ಇಪ್ಪತ್ತು ವರ್ಷದ ರೂಢಿ, ನೂಲು ಖರಾಬ ಎನ್ನಲು ನಾಲಿಗೆ ಆಗಲೇ ಹೊರಳಿತ್ತು. ಹಿಡಿದುಕೊಂಡೆ.

"ಏನಿಲ್ರಿ" ಎಂದೆ. "ಅಕ್ಕ ಕೈ ಹಿಡದಿದ್ಲು."